ಮಾಸಿದ ಡಮಾಸ್ಕಸ್ ಚಾಕುವಿನಲ್ಲಿ ಮತ್ತೆ ಗೆರೆ ಮೂಡಿಸಿ

ಉಳ್ಳಾಗಡ್ಡಿ, ಲಿಂಬೆಹಣ್ಣು ಹೆಚ್ಚಿ ಹೆಚ್ಚಿ ಡಮಾಸ್ಕಸ್ ಚಾಕುವಿನ ಅಲೆಗೆರೆ ಮಾಸಿದ್ದರೆ ಅದನ್ನು ಮೂಲೆಗೆ ಎಸೆಯಬೇಡಿ. ಆ ಗೆರೆ ಬಣ್ಣವಲ್ಲ, ಉಕ್ಕಿನೊಳಗೇ ಇದೆ. ಎರಡು ಬಗೆಯ ಉಕ್ಕನ್ನು ಪದರು ಪದರಾಗಿ ಕಾಯಿಸಿ ಬಡಿದು ಈ ಅಲಗು ಮಾಡುತ್ತಾರೆ. ಆಮ್ಲ ತಾಗಿದರೆ ಒಂದು ಕಪ್ಪಾಗುತ್ತದೆ, ನಿಕಲ್ ಇರುವುದು ಬೆಳ್ಳಗೆ ಉಳಿಯುತ್ತದೆ. ಹಳೆಯ ಡಮಾಸ್ಕಸ್ ಕತ್ತಿಗಳ ಜಾತಿ ಬೇರೆ. ಅವಕ್ಕೆ ಹೆಸರು ತಂದದ್ದು ಮೂಸೆಯಲ್ಲಿ ಕರಗಿಸಿದ ದಕ್ಷಿಣ ಭಾರತದ ಉಕ್ಕು; 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಂಥ ಉಕ್ಕಿನ ಕುಲುಮೆಗಳನ್ನು ಕಂಡು ಬರೆದಿದ್ದಾನೆ.

ಮೊದಲು ಅಲಗಿನ ಬೆನ್ನು ನೋಡಿ. ಪದರುಗಳು ಅಲ್ಲಿಯೂ ಕಂಡರೆ ಚಾಕು ಅಸಲಿ. ಅಗ್ಗದ ಮಾಲಿನಲ್ಲಿ ಗೆರೆಯನ್ನು ಲೇಸರಿನಿಂದ ಮೇಲೆ ಬರೆದಿರುತ್ತಾರೆ. ಉಜ್ಜಿದರೆ ಅದು ಹೋಯಿತೆಂದೇ ಲೆಕ್ಕ.

ನಿಜವಾದ ಕೆಲಸ ಉಜ್ಜುವುದೇ. ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರ್ ತನ್ನಿ. 400ನೇ ನಂಬರಿನಿಂದ ಶುರುಮಾಡಿ 600, 800, 1000ಕ್ಕೆ ಹೋಗಿ. ಹಿಂದಿನ ಕಾಗದದ ಗೀರು ಪೂರ್ತಿ ಮಾಯವಾಗುವವರೆಗೆ ಮುಂದಿನದನ್ನು ಮುಟ್ಟಬೇಡಿ. ಆಮ್ಲ ಗೀರನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಕೈ ಯಾವಾಗಲೂ ಬೆನ್ನಿನ ಕಡೆಗಿರಲಿ. ಆಮೇಲೆ ಸೋಪಿನಿಂದ ತೊಳೆದು, ಅಸಿಟೋನಿನಿಂದ ಒರೆಸಿ. ಬೆರಳಿನ ಜಿಡ್ಡು ತಾಗಿದಲ್ಲಿ ಕಲೆ ನಿಲ್ಲುತ್ತದೆ.

ಈಗ ಆಮ್ಲ. ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಯಲ್ಲಿ ಸರ್ಕ್ಯೂಟ್ ಬೋರ್ಡ್ ಕೊರೆಯಲು ಫೆರಿಕ್ ಕ್ಲೋರೈಡ್ ಪುಡಿ ಮಾರುತ್ತಾರೆ. ಅಂಗಳದಲ್ಲಿ ಕೈಗವಸು, ಕನ್ನಡಕ ಹಾಕಿಕೊಂಡು, ಲೀಟರ್ ನೀರಿಗೆ 100 ಗ್ರಾಂ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಪುಡಿಯ ಮೇಲೆ ನೀರು ಸುರಿದರೆ ಕಾದು ಸಿಡಿಯುತ್ತದೆ. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಬೇಕು, ಅಲ್ಯುಮಿನಿಯಂ ಖಂಡಿತ ಬೇಡ. ಹಿಡಿಕೆ ಹೊರಗುಳಿಯುವಂತೆ ಅಲಗನ್ನು ಐದರಿಂದ ಹತ್ತು ನಿಮಿಷ ಮುಳುಗಿಸಿ. ತೆಗೆದು ತೊಳೆದು, 2000ನೇ ನಂಬರಿನ ಕಾಗದದಿಂದ ಹಗುರಾಗಿ ಒರೆಸಿ, ಮತ್ತೆ ಮುಳುಗಿಸಿ. ಎರಡು ಮೂರು ಸಲಕ್ಕೆ ಗೆರೆ ಎದ್ದು ಕಾಣುತ್ತದೆ. ಪಾಯಖಾನೆ ತೊಳೆಯುವ ಆ್ಯಸಿಡ್ ಮಾತ್ರ ಯಾರು ಹೇಳಿದರೂ ಬಳಸಬೇಡಿ. ಅದರ ಹೊಗೆ ಪುಪ್ಪುಸಕ್ಕೆ ಕೆಟ್ಟದ್ದು.

ಕೊನೆಗೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಸೋಪು ಹಚ್ಚಿ ತೊಳೆದು, ಒಣಗಿಸಿ ಕೊಬ್ಬರಿ ಎಣ್ಣೆ ಸವರಿ. ಆಮ್ಲ ಬಾಯನ್ನು ಮೊಂಡು ಮಾಡಿರುತ್ತದೆ, ಸಾಣೆ ಹಿಡಿಯಲೇಬೇಕು.

ಫೆರಿಕ್ ಕ್ಲೋರೈಡಿಗೆ ಅಂಜುವವರಿಗೆ ಕಾಫಿ ಇದೆ. ಇನ್‌ಸ್ಟಂಟ್ ಕಾಫಿಯನ್ನು ಕಡುಕಪ್ಪಾಗಿ ಕದಡಿ, ಆರಿದ ಮೇಲೆ ಚಾಕುವನ್ನು ರಾತ್ರಿಯಿಡೀ ಅದರಲ್ಲಿಡಿ. ಸ್ಟೇನ್‌ಲೆಸ್ ಪದರಿನ ಚಾಕು ಇದಕ್ಕೆ ಜಗ್ಗದು, ತುಕ್ಕು ಹಿಡಿಯುವ ಉಕ್ಕಾದರೆ ಚೆನ್ನಾಗಿ ಕಪ್ಪೇರುತ್ತದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಕಂಬಾರರು ಲಾರಿಯ ಕಮಾನು ಪಟ್ಟಿಯಿಂದ ಬಡಿದುಕೊಟ್ಟ ಈಳಗಿ, ಕುಡಗೋಲು ಮನೆಯಲ್ಲಿದ್ದರೆ ಅವಕ್ಕೂ ಇದೇ ಉಪಚಾರ ಮಾಡಿ. ಒಂದೇ ಉಕ್ಕಾದ್ದರಿಂದ ಗೆರೆ ಬರದು. ಆದರೆ ಬೂದುಗಪ್ಪು ಮೈ ಬಂದು ತುಕ್ಕು ಬೇಗ ಹತ್ತುವುದಿಲ್ಲ. ನನ್ನ ಮಟ್ಟಿಗೆ ಡಮಾಸ್ಕಸ್‌ಗಿಂತ ಈ ಆರೈಕೆ ಬೇಕಿರುವುದು ಅವಕ್ಕೇ.

ಬಳಸಿದ ಫೆರಿಕ್ ಕ್ಲೋರೈಡ್ ಇನ್ನೂ ಹಲವು ಸಲ ಬರುತ್ತದೆ. ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಮೇಲೆ ‘ವಿಷ’ ಎಂದು ಬರೆದು, ಮಕ್ಕಳ ಕೈಗೆ ಸಿಗದಂತೆ ಬೀಗದೊಳಗಿಡಿ. ಗಟಾರಕ್ಕಾಗಲಿ ಬಾವಿಯ ಬಳಿಗಾಗಲಿ ಸುರಿಯಬೇಡಿ.