ಜ್ವರ ಬಿಟ್ಟಿತೆಂದು ಇಂಜೆಕ್ಷನ್ ಬಿಡಬಹುದೇ?

ಪ್ರಶ್ನೆ: ಅಪ್ಪನ ಕೃತಕ ಹೃದಯ ಕವಾಟಕ್ಕೆ ಹೇಸೆಕ್ ಗುಂಪಿನ ಅಪರೂಪದ ಬ್ಯಾಕ್ಟೀರಿಯಾ ಸೋಂಕು. ಎರಡು ವಾರದ ಇಂಜೆಕ್ಷನ್‌ಗೆ ಜ್ವರ ಬಿಟ್ಟಿದೆ. ಮಾತ್ರೆ ಬರೆಸಿಕೊಂಡು ಊರಿಗೆ ಕರೆದೊಯ್ಯಲೇ?

ಉತ್ತರ: ಈಗಲೇ ಬೇಡ. ಜ್ವರ ಇಳಿದ ಮಾತ್ರಕ್ಕೆ ಕವಾಟಕ್ಕೆ ಅಂಟಿದ ರೋಗಾಣು ಪೂರ್ತಿ ಸತ್ತಿತು ಎನ್ನಲಾಗದು. ಕೃತಕ ಕವಾಟವಾದರೆ ಸಾಮಾನ್ಯವಾಗಿ 6 ವಾರ ಇಂಜೆಕ್ಷನ್ ಬೇಕು. ಈ ಗುಂಪಿನ ಕೆಲವು ತಳಿಗಳು ಆಂಪಿಸಿಲಿನ್ ಒಡೆಯುವ ಕಿಣ್ವ ತಯಾರಿಸುತ್ತವೆ. ಹಾಗಾಗಿ ಅದೇ ಬಗೆಯ ಔಷಧವಾದ ಮೆಡಿಕಲ್ ಶಾಪ್‌ನ ಅಮಾಕ್ಸಿಸಿಲಿನ್ ಮಾತ್ರೆಯನ್ನು ನೆಚ್ಚಬೇಡಿ. ಸೆಫ್‌ಟ್ರಯಾಕ್ಸೋನ್ ಇಂಜೆಕ್ಷನ್ ದಿನಕ್ಕೊಮ್ಮೆ ಕೊಟ್ಟರೆ ಸಾಕಾಗುವುದರಿಂದ, ರಕ್ತದ ಕಲ್ಚರ್ ನೆಗೆಟಿವ್ ಬಂದು ಎಕೋ ಸಮಾಧಾನಕರವಾಗಿದ್ದರೆ ಉಳಿದ ಡೋಸ್‌ಗಳನ್ನು ಊರಿನ ಆಸ್ಪತ್ರೆಯಲ್ಲೇ ಕೊಡಿಸಬಹುದೇ ಎಂದು ನಿಮ್ಮ ಹೃದ್ರೋಗ ತಜ್ಞರನ್ನು ಕೇಳಿ. ಉಬ್ಬಸ, ಮಾತಿನಲ್ಲಿ ತೊದಲು, ಕೈಕಾಲು ಸೋಲುವುದು ಕಂಡರೆ ಕಾಯದೆ ತುರ್ತು ವಿಭಾಗಕ್ಕೆ ಒಯ್ಯಿರಿ. ಹಲ್ಲನ್ನೂ ತೋರಿಸಿ; ಈ ರೋಗಾಣುಗಳ ತವರು ಬಾಯಿಯೇ. ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ಕವಾಟದ ವಿಷಯ ತಿಳಿಸಿ.