ರಕ್ತದಲ್ಲಿ ಆಮ್ಲ ಹೆಚ್ಚಾದಾಗ
(ರೋಗಿಗಳು ಮತ್ತು ಅವರ ಮನೆಯವರು ತಿಳಿದಿರಬೇಕಾದ ವಿಷಯಗಳು)

ಸಕ್ಕರೆ ಕಾಯಿಲೆಯವರನ್ನು ತುರ್ತು ವಿಭಾಗಕ್ಕೆ ಕರೆತರುವ ಮನೆಯವರು ಹೀಗೆ ಹೇಳುವುದುಂಟು: "ಮೂರು ದಿನದಿಂದ ಜ್ವರ, ವಾಂತಿ. ಊಟ ಸೇರುತ್ತಿರಲಿಲ್ಲ. ಊಟವೇ ಇಲ್ಲವಲ್ಲ ಅಂತ ಇನ್ಸುಲಿನ್ ಕೊಡಲಿಲ್ಲ. ಈಗ ಜೋರಾಗಿ ಉಸಿರು ಎಳೆಯುತ್ತಿದ್ದಾರೆ ಡಾಕ್ಟ್ರೇ, ದಮ್ಮು ಬಂದಿರಬೇಕು." ಪರೀಕ್ಷಿಸಿ ನೋಡಿದರೆ ಅದು ದಮ್ಮಾಗಿರುವುದಿಲ್ಲ. ರಕ್ತದಲ್ಲಿ ಆಮ್ಲ ಹೆಚ್ಚಾಗಿರುತ್ತದೆ. ಅದನ್ನು ತಗ್ಗಿಸಲು ದೇಹ ಪಡುವ ಶ್ರಮವೇ ಆ ಉಸಿರಾಟ. ಇದು ಅರ್ಥವಾಗಬೇಕಾದರೆ ಆಮ್ಲ, ಕ್ಷಾರ, ಬಫರ್ ಎಂಬ ಮೂರು ಮಾತುಗಳನ್ನು ತಿಳಿದುಕೊಂಡರೆ ಸಾಕು.

ಆಮ್ಲ ಮತ್ತು ಕ್ಷಾರ

ನಿಂಬೆರಸ, ಹುಣಸೆಹಣ್ಣು, ಮೊಸರು ಹುಳಿಯಾಗಿರುವುದು ಅವುಗಳಲ್ಲಿರುವ ಆಮ್ಲದಿಂದ. ಸುಣ್ಣದ ತಿಳಿ, ಸಾಬೂನಿನ ನೀರು, ಅಡುಗೆ ಸೋಡಾ ಇವು ಕ್ಷಾರ ಗುಣದವು. ಆರತಿಗೆಂದು ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿದರೆ ಕೆಂಪಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಸುಣ್ಣದ ಕ್ಷಾರವೇ ಇದಕ್ಕೆ ಕಾರಣ. ಆ ಕೆಂಪು ನೀರಿಗೆ ಸಾಕಷ್ಟು ನಿಂಬೆರಸ ಹಿಂಡಿದರೆ ಮತ್ತೆ ಹಳದಿಯಾಗುತ್ತದೆ. ಆಮ್ಲ ಮತ್ತು ಕ್ಷಾರ ಒಂದರ ಶಕ್ತಿಯನ್ನು ಇನ್ನೊಂದು ಕುಗ್ಗಿಸುತ್ತವೆ ಎಂಬುದು ಇದರಿಂದ ತಿಳಿಯುತ್ತದೆ.

ಇವನ್ನು ಅಳೆಯುವ ಮಾನಕ್ಕೆ ಪಿಎಚ್ ಎಂದು ಹೆಸರು. 1909ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಸೋರೆನ್‌ಸೆನ್ ಇದನ್ನು ರೂಪಿಸಿದರು. ಶುದ್ಧ ನೀರಿನ ಪಿಎಚ್ 7. ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ನಿಂಬೆರಸದ್ದು ಸುಮಾರು 2, ಮೊಸರಿನದು ಸುಮಾರು 4.5, ಸುಣ್ಣದ ತಿಳಿಯದು 12ರ ಮೇಲೆ. ಒಂದು ಅಂಕ ಇಳಿದರೆ ಆಮ್ಲತೆ ಹತ್ತು ಪಟ್ಟು ಏರಿದಂತೆ.

ನಮ್ಮ ರಕ್ತದ ಪಿಎಚ್ 7.35ರಿಂದ 7.45ರ ಒಳಗೇ ಇರಬೇಕು. ಬಹಳ ಇಳಿದರೆ ಹೃದಯದ ಬಡಿತ ದುರ್ಬಲವಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಪ್ರಜ್ಞೆ ಮಂಕಾಗುತ್ತದೆ. 6.8ಕ್ಕಿಂತ ಕೆಳಗಿಳಿದರೆ ಪ್ರಾಣ ಉಳಿಯುವುದು ಬಹಳ ಕಷ್ಟ.

ಬಫರ್ ಎಂದರೇನು?

ನಾವು ಉಂಡ ಅನ್ನ ಜೀರ್ಣವಾಗಿ ಶಕ್ತಿಯಾಗುವಾಗ ದೇಹದಲ್ಲಿ ದಿನವೂ ಆಮ್ಲ ಹುಟ್ಟುತ್ತದೆ. ಆದರೂ ರಕ್ತದ ಪಿಎಚ್ ಕದಲುವುದಿಲ್ಲ. ಆಮ್ಲವಾಗಲಿ ಕ್ಷಾರವಾಗಲಿ ಬಂದು ಸೇರಿದಾಗ ಪಿಎಚ್ ಹೆಚ್ಚು ಬದಲಾಗದಂತೆ ತಡೆಯುವ ವ್ಯವಸ್ಥೆಗೆ ಬಫರ್ ಎನ್ನುತ್ತಾರೆ. ರಕ್ತದಲ್ಲಿ ಈ ಕೆಲಸ ಮಾಡುವ ಮುಖ್ಯ ವಸ್ತು ಬೈಕಾರ್ಬೊನೇಟ್.

ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿದರೆ ಬುರುಬುರು ನೊರೆ ಬರುತ್ತದೆ. ಅದು ಇಂಗಾಲದ ಡೈ ಆಕ್ಸೈಡ್ ಅನಿಲ. ರಕ್ತದಲ್ಲೂ ಬೈಕಾರ್ಬೊನೇಟ್ ಆಮ್ಲವನ್ನು ಹೀರಿಕೊಂಡಾಗ ನೀರು ಮತ್ತು ಇದೇ ಅನಿಲ ಉಂಟಾಗುತ್ತವೆ. ಅನಿಲವನ್ನು ಶ್ವಾಸಕೋಶಗಳು ಉಸಿರಿನ ಮೂಲಕ ಹೊರಹಾಕುತ್ತವೆ. ಆಮ್ಲ ಹೆಚ್ಚಾದಷ್ಟೂ ಉಸಿರಾಟ ಆಳವಾಗುತ್ತದೆ, ವೇಗವಾಗುತ್ತದೆ. ಮೂತ್ರಪಿಂಡಗಳು ನಿಧಾನವಾಗಿ ಆಮ್ಲವನ್ನು ಮೂತ್ರದಲ್ಲಿ ಕಳುಹಿಸಿ, ಖರ್ಚಾದ ಬೈಕಾರ್ಬೊನೇಟನ್ನು ಮತ್ತೆ ತುಂಬುತ್ತವೆ. ಬಫರ್ ಎಂಬುದು ಕಣಜದ ಕಾಳಿನಂತೆ. ತುಂಬುವುದು ನಿಂತು ತೆಗೆಯುವುದೇ ಆದರೆ ಬರಿದಾಗುತ್ತದೆ.

ಸಮತೋಲ ತಪ್ಪುವುದು ಯಾವಾಗ?

ಸಕ್ಕರೆ ಕಾಯಿಲೆ: ಇನ್ಸುಲಿನ್ ಸಾಲದಿದ್ದರೆ ದೇಹ ಸಕ್ಕರೆಯನ್ನು ಬಳಸಲಾರದೆ ಕೊಬ್ಬನ್ನು ಕರಗಿಸುತ್ತದೆ. ಆಗ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ಸೇರುತ್ತವೆ. ಆಗಿನ ಆಳವಾದ ಉಸಿರಾಟವನ್ನು ಜರ್ಮನಿಯ ವೈದ್ಯ ಕುಸ್‌ಮಾಲ್ 1874ರಲ್ಲಿ ವಿವರಿಸಿದರು. ಆಗ ಇದಕ್ಕೆ ಮದ್ದಿರಲಿಲ್ಲ. 1922ರಲ್ಲಿ ರೋಗಿಗಳಿಗೆ ಇನ್ಸುಲಿನ್ ಕೊಡಲು ಆರಂಭವಾದ ಮೇಲೆ ಇಂಥವರು ಬದುಕುಳಿಯುವಂತಾಯಿತು.

ಮೂತ್ರಪಿಂಡದ ವೈಫಲ್ಯ: ಆಮ್ಲ ಹೊರಹೋಗದೆ ಉಳಿಯುತ್ತದೆ. ಡಯಾಲಿಸಿಸ್ ದ್ರವದಲ್ಲಿರುವ ಬೈಕಾರ್ಬೊನೇಟ್ ಈ ಕೊರತೆಯನ್ನು ತುಂಬುತ್ತದೆ.

ತೀವ್ರ ಭೇದಿ: ಮಲದ ಜೊತೆ ಬೈಕಾರ್ಬೊನೇಟ್ ಹರಿದುಹೋಗುತ್ತದೆ. ಓಆರ್‌ಎಸ್ ಪುಡಿಯಲ್ಲಿ ಉಪ್ಪು, ಗ್ಲುಕೋಸ್ ಅಲ್ಲದೆ ಸಿಟ್ರೇಟ್ ಇರುವುದು ಇದಕ್ಕಾಗಿಯೇ. ದೇಹ ಅದನ್ನು ಬೈಕಾರ್ಬೊನೇಟ್ ಆಗಿ ಮಾರ್ಪಡಿಸಿಕೊಳ್ಳುತ್ತದೆ.

ಮನೆಯವರು ನೆನಪಿಡಬೇಕಾದುದು

1. ಜ್ವರ, ವಾಂತಿ ಬಂದು ಊಟ ಬಿಟ್ಟರೂ ಇನ್ಸುಲಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿರಿ. ಕಾಯಿಲೆಯ ದಿನಗಳಲ್ಲಿ ಸಕ್ಕರೆ ಅಂಶ ಏರುವುದೇ ಹೆಚ್ಚು. ಸಕ್ಕರೆ ಪರೀಕ್ಷಿಸಿ, ಎಷ್ಟು ಕೊಡಬೇಕೆಂದು ವೈದ್ಯರನ್ನು ಕೇಳಿರಿ. ಸಕ್ಕರೆಯ ಕೆಲವು ಮಾತ್ರೆಗಳನ್ನು ಮಾತ್ರ ಅಂಥ ದಿನಗಳಲ್ಲಿ ನಿಲ್ಲಿಸಬೇಕಾಗುತ್ತದೆ. ಅವು ಯಾವುವೆಂದು ಈಗಲೇ ಕೇಳಿ ಬರೆದಿಟ್ಟುಕೊಳ್ಳಿರಿ.

2. ಆಳವಾದ ವೇಗದ ಉಸಿರು, ನಿಲ್ಲದ ವಾಂತಿ, ಹೊಟ್ಟೆನೋವು, ಮಂಪರು ಕಂಡರೆ ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿರಿ.

3. ಆಮ್ಲ ಕಡಿಮೆ ಮಾಡಲೆಂದು ಮನೆಯಲ್ಲಿ ಅಡುಗೆ ಸೋಡಾ ಕುಡಿಸಬೇಡಿರಿ. ಅದರಲ್ಲಿರುವ ಸೋಡಿಯಂನಿಂದ ಬಾವು, ರಕ್ತದೊತ್ತಡ ಹೆಚ್ಚಬಹುದು. ಆದರೆ ಮೂತ್ರಪಿಂಡದ ರೋಗಿಗಳಿಗೆ ವೈದ್ಯರು ಬರೆದುಕೊಟ್ಟ ಬೈಕಾರ್ಬೊನೇಟ್ ಮಾತ್ರೆಗಳನ್ನು ತಪ್ಪಿಸಬಾರದು.

4. ಓಆರ್‌ಎಸ್ ಪೊಟ್ಟಣದ ಪುಡಿಯನ್ನು ಪೂರ್ತಿಯಾಗಿ, ಅದರ ಮೇಲೆ ಬರೆದಿರುವಷ್ಟೇ ಕುಡಿಯುವ ನೀರಿಗೆ ಹಾಕಿ ಕಲಸಿರಿ.

5. ನಿಂಬೆಹಣ್ಣು, ಮೊಸರು ತಿಂದರೆ ರಕ್ತ ಹುಳಿಯಾಗುತ್ತದೆಂಬ ಭಯ ಬೇಡ. ಜಠರದ ರಸವೇ ಅವುಗಳಷ್ಟು ಅಥವಾ ಅವುಗಳಿಗಿಂತ ಹೆಚ್ಚು ಹುಳಿ. ಪಥ್ಯವನ್ನು ವೈದ್ಯರು ಹೇಳಿದಂತೆ ನಡೆಸಿರಿ.

6. ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಮಾಡುವ ಎಬಿಜಿ ಪರೀಕ್ಷೆಯಲ್ಲಿ ಪಿಎಚ್ ತಿಳಿಯುತ್ತದೆ. ಇದು ಸ್ವಲ್ಪ ಹೆಚ್ಚು ನೋಯುತ್ತದೆ. ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ಮತ್ತೆ ಮತ್ತೆ ಮಾಡಬೇಕಾಗಬಹುದು. ರಕ್ತ ತೆಗೆದ ಜಾಗವನ್ನು ಐದು ನಿಮಿಷ ಒತ್ತಿ ಹಿಡಿಯಿರಿ.

ಯಾವುದೇ ಸಂದೇಹವಿದ್ದಲ್ಲಿ ವಾರ್ಡಿನ ವೈದ್ಯರನ್ನು ಅಥವಾ ದಾದಿಯರನ್ನು ಸಂಕೋಚವಿಲ್ಲದೆ ಕೇಳಿರಿ. ಓದಲು ಬಾರದವರಿಗೆ ದಯವಿಟ್ಟು ಇದನ್ನು ಓದಿ ಹೇಳಿರಿ.