ಕುಡಿತ ಬಿಟ್ಟ ಮೊದಲ ವಾರ

ಹುಬ್ಬಳ್ಳಿ-ಧಾರವಾಡದ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದ ನನಗೆ ಶ್ರಾವಣ ಬಂತೆಂದರೆ ವಾರ್ಡಿನಲ್ಲಿ ಏನು ಕಾದಿದೆಯೆಂದು ಗೊತ್ತಿರುತ್ತಿತ್ತು. ವರ್ಷಗಟ್ಟಲೆ ದಿನವೂ ಕುಡಿದವರು ಸಿದ್ಧಾರೂಢ ಮಠಕ್ಕೆ ಹೋಗಿ ಆಣೆ ಮಾಡಿ ಒಮ್ಮೆಲೇ ಬಿಡುತ್ತಾರೆ. ಎರಡು-ಮೂರು ದಿನಕ್ಕೆ ಮನೆಯವರು ಅವರನ್ನು ಹಿಡಿದುಕೊಂಡು ಬರುತ್ತಾರೆ. ಮೈಯೆಲ್ಲ ಬೆವರು, ಕೈ ನಡುಕ, ಹಾಸಿಗೆಯ ಮೇಲೆ ಇಲ್ಲದ ಹುಳ ಆರಿಸುವ ಬೆರಳು. ‘ಗಾಳಿ ಬಡದೈತ್ರಿ ಸಿಸ್ಟರ್, ಕುಡಿಯೂ ಮುಂದ ಹಿಂಗ ಇರಲಿಲ್ರಿ’ ಎನ್ನುತ್ತಾರೆ.

2020ರ ಲಾಕ್‌ಡೌನ್‌ನಲ್ಲಿ, ಮಾರ್ಚ್ ಕೊನೆಯಿಂದ ಮೇ 4ರವರೆಗೆ ಮದ್ಯದಂಗಡಿ ಮುಚ್ಚಿದ್ದಾಗ, ಯಾವ ಆಣೆಯನ್ನೂ ಮಾಡದವರು ಇದೇ ಸ್ಥಿತಿಗೆ ಬಂದರು. ಇದು ಗಾಳಿಯೂ ಅಲ್ಲ, ದೇವರ ಸಿಟ್ಟೂ ಅಲ್ಲ. ಮದ್ಯ ಮೆದುಳನ್ನು ಮಂದ ಮಾಡುತ್ತದೆ. ಮೆದುಳು ಅದರ ವಿರುದ್ಧ ಅಷ್ಟೇ ಬಲವಾಗಿ ಜಗ್ಗುವುದನ್ನು ರೂಢಿಸಿಕೊಳ್ಳುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಥಟ್ಟನೆ ಕೈಬಿಟ್ಟರೆ ಇನ್ನೊಂದು ಕಡೆಯವರು ಬೀಳುವ ಹಾಗೆ, ಮದ್ಯ ನಿಂತಾಗ ಮೆದುಳು ಆಯ ತಪ್ಪುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಸನ್ನಿ ಹಿಡಿಯಬಹುದು. ಚಿಕಿತ್ಸೆ ಸಿಗದಿದ್ದರೆ ಜೀವವೂ ಹೋಗಬಹುದು.

ಇಲ್ಲಿ ಕೆಲಸಕ್ಕೆ ಬರುವುದು ಬೆಂಜೊಡಯಾಜೆಪೈನ್ ಗುಂಪಿನ ಔಷಧ. ಸಾಮಾನ್ಯವಾಗಿ ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್. ಲಿವರ್ ಕೆಟ್ಟವರಿಗೆ, ವಯಸ್ಸಾದವರಿಗೆ ಹೆಚ್ಚಾಗಿ ಲೊರಾಜೆಪಾಮ್. ಮದ್ಯ ಮೆದುಳಿನಲ್ಲಿ ಮಾಡುತ್ತಿದ್ದಂಥ ಕೆಲಸವನ್ನೇ ಇವು ತಾತ್ಕಾಲಿಕವಾಗಿ ಮಾಡುತ್ತವೆ. ಮೊದಲು ಹೆಚ್ಚು ಕೊಟ್ಟು, ದಿನದಿಂದ ದಿನಕ್ಕೆ ಇಳಿಸಿ, ಸುಮಾರು ಒಂದು ವಾರದಲ್ಲಿ ನಿಲ್ಲಿಸುತ್ತಾರೆ. ‘ಒಂದ್ ಚಟಾ ಬಿಡಿಸಿ ಇನ್ನೊಂದು ಹಚ್ತೀರೇನ್ರಿ?’ ಎಂದು ಕೇಳುವ ಹೆಂಡತಿಯರ ಅಂಜಿಕೆ ಸುಳ್ಳಲ್ಲ. ತಿಂಗಳುಗಟ್ಟಲೆ ನುಂಗಿದರೆ ಗುಳಿಗೆಯೂ ಚಟವಾಗುತ್ತದೆ. ಅದಕ್ಕೇ ಇಳಿಸುವ ಲೆಕ್ಕ ಡಾಕ್ಟರ ಕೈಯಲ್ಲಿರಬೇಕು.

ನರ್ಸ್ ಕೆಲಸದಿಂದ ನಾನು ಕಲಿತ ಮೊದಲ ಪಾಠ: ಕಡೆಯ ಸಲ ಕುಡಿದದ್ದು ಯಾವಾಗ ಎಂಬ ಪ್ರಶ್ನೆಯನ್ನು ಎಲ್ಲರಿಗೂ ಕೇಳಬೇಕು. ಕಾಲು ಮುರಿದು ಸೇರಿದವನು ಮೂರನೇ ದಿನ ಪಟ್ಟಿ ಕಿತ್ತೆಸೆದು ಓಡಲು ನೋಡಿದರೆ, ಎಷ್ಟೋ ಸಲ ಅದರ ಹಿಂದೆ ಮನೆಯವರು ನಾಚಿಕೆಯಿಂದ ಮುಚ್ಚಿಟ್ಟ ಕುಡಿತವಿರುತ್ತದೆ.

ಎರಡನೆಯದು, ಗಡಿಯಾರದ ಜೊತೆ ರೋಗಿಯನ್ನೂ ನೋಡಿ ಗುಳಿಗೆ ಕೊಡಬೇಕು. ನಡುಕ, ಬೆವರು, ನಾಡಿ ಹೆಚ್ಚುತ್ತಿದ್ದರೆ ಡಾಕ್ಟರಿಗೆ ತಿಳಿಸಬೇಕು. ತೂಕಡಿಕೆ ಹೆಚ್ಚಿ ಉಸಿರು ನಿಧಾನವಾದರೆ ಮುಂದಿನ ಡೋಸ್ ತಡೆದು ಕರೆಯಬೇಕು. ಈ ಗುಳಿಗೆಯ ಮೇಲೆ ಮದ್ಯ ಕುಡಿದರೆ ಉಸಿರೇ ನಿಲ್ಲಬಹುದು.

ಮೂರನೆಯದು ಸಲೈನ್. ‘ಒಂದ್ ಗ್ಲುಕೋಸ್ ಏರಸ್ರಿ, ಶಕ್ತಿ ಬರ್ತೈತಿ’ ಎನ್ನುವವರೇ ಬಹಳ. ಕುಡಿದು ಕುಡಿದು ಉಂಡಿರದ ಮೈಯಲ್ಲಿ ಬಿ1 ವಿಟಮಿನ್ ಬತ್ತಿರುತ್ತದೆ. ಅದನ್ನು, ಅಂದರೆ ಥಯಾಮಿನ್ ಇಂಜೆಕ್ಷನ್ ಅನ್ನು, ಕೊಡದೆ ಗ್ಲುಕೋಸ್ ಏರಿಸಿದರೆ ಮೆದುಳಿಗೆ ಕಾಯಂ ಪೆಟ್ಟು ಬೀಳುವ ಅಪಾಯವಿದೆ.

ಗುಳಿಗೆ ಮೊದಲ ವಾರ ದಾಟಿಸುತ್ತದೆ, ಅಷ್ಟೇ. ಮುಂದೆ ಕುಡಿಯದಂತಿರಲು ಆಪ್ತಸಮಾಲೋಚನೆ, ಬೇರೆ ಔಷಧ, ಮನೆಯವರ ತಾಳ್ಮೆ ಎಲ್ಲವೂ ಬೇಕು. ಆಣೆ ಮಾಡುವವರನ್ನು ತಡೆಯಬೇಡಿ. ಆದರೆ ದಿನವೂ ಕುಡಿಯುವವರು ಬಿಡುವ ಮೊದಲು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಹೋಗಿ ಡಾಕ್ಟರನ್ನು ಕಾಣಲಿ. ದಾರಿ ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಫಿಟ್ಸ್ ಬಂದರೆ, ಮಾತು ಅಸಂಬದ್ಧವಾದರೆ ಫೋನು ಹಿಡಿದು ಕೂರದೆ ನೇರವಾಗಿ ಆಸ್ಪತ್ರೆಗೆ ಕರೆತನ್ನಿ.